ಹಾಲಸ್ವಾಮಿಯ ಮೀಟರುಕೋಲು

ಆ ದಿನದ ರಾಮಾಯಣಕ್ಕೆಲ್ಲ ಕಾರಣ ನುಗ್ಗೇಕಾಯಿ.

ಹಾಲಸ್ವಾಮಿ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ನೌಕರ. ಜರ್ಮನಿಯಿಂದ ಯಂತ್ರದ ಜತೆ ಬಂದ ನಕ್ಷೆಗಳನ್ನು ನೋಡಿ ನೋಡಿ ಅವನಿಗೆ ಮೀಟರಿನ ಹುಚ್ಚು ಹಿಡಿದಿತ್ತು. ಗಜ, ಮೊಳ, ಗೇಣುಗಳನ್ನೆಲ್ಲ ಬಿಟ್ಟು ಎಲ್ಲ ಕಡೆಗೂ ಒಂದೇ ಅಳತೆ ಬರಬೇಕು ಎನ್ನುವುದು ಅವನ ವಾದ. ಬಡಗಿಗೆ ಹೇಳಿ ಒಂದೊಂದು ಮೀಟರಿನ ಎರಡು ಕೋಲು ಮಾಡಿಸಿದ್ದ. ಅಂಗಡಿಯ ಗಜಕ್ಕಿಂತ ನಾಲ್ಕೈದು ಬೆರಳು ಉದ್ದ. ಒಂದು ಮನೆಯಲ್ಲಿತ್ತು, ಇನ್ನೊಂದನ್ನು ಹೂ ಮಾರುವ ಹುಚ್ಚಮ್ಮನಿಗೆ ಕೊಟ್ಟಿದ್ದ. ಊರಿನಲ್ಲಿ ಅವನ ಮಾತನ್ನು ನಗದೆ ಕೇಳಿದವಳು ಅವಳೊಬ್ಬಳೇ.

ಆವತ್ತು ಸಂಜೆ ಶಿವಮೊಗ್ಗೆಯ ಜವಳಿ ವರ್ತಕರ ಸಭೆಯಲ್ಲಿ ಅವನ ಭಾಷಣ. ಸಭೆ ಮೀಟರನ್ನು ಒಪ್ಪಿ ಠರಾವು ಮಾಡದಿದ್ದರೆ ಇನ್ನು ಮನೆಯಲ್ಲಿ ಆ ಮಾತೇ ಎತ್ತುವುದಿಲ್ಲ ಎಂದು ಹೆಂಡತಿ ಉಮಾಮಹೇಶ್ವರಿಗೆ ಮಾತು ಕೊಟ್ಟಿದ್ದ. ಅವಳು ಆ ದಿನಕ್ಕಾಗಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದಳು.

ಹೊರಡುವ ಹೊತ್ತಿಗೆ ನೋಡಿದರೆ ಬಾಗಿಲ ಹಿಂದೆ ಕೋಲಿಲ್ಲ.

"ವಿಮಲಮ್ಮ ತಗೊಂಡು ಹೋದ್ರು, ನುಗ್ಗೇಕಾಯಿ ಕೀಳೋಕೆ" ಎಂದಳು ಹೆಂಡತಿ.

ಪಕ್ಕದ ಮನೆಯ ವಿಮಲಮ್ಮ ಎರಡು ತುಂಡು ಕೋಲು, ಒಂದು ಹಿಡಿ ನುಗ್ಗೇಕಾಯಿ ಹಿಡಿದುಕೊಂಡೇ ಬಂದರು. "ಕೋಲು ಗಟ್ಟಿ ಇರ್ಲಿಲ್ಲ ಕಣಪ್ಪ. ಕಾಯಿ ಮಾತ್ರ ಚೆನ್ನಾಗಿದೆ, ಹುಳಿ ಮಾಡ್ಸಿಕೊ."

ಹಾಲಸ್ವಾಮಿಗೆ ಅಳು ಬರುವುದೊಂದು ಬಾಕಿ. ಸ್ಟೇಷನ್ನಿನ ಮುಂದೆ ಕೂರುವ ಹುಚ್ಚಮ್ಮನ ಬಳಿಗೆ ಓಡಿದ. ಅವಳು ಒದ್ದೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಕೋಲನ್ನು ಹಾಗೇ ಎತ್ತಿಕೊಟ್ಟಳು. ಅಷ್ಟರಲ್ಲಿ ರೈಲು ಕೂಗಿತು. ನಿಲ್ಲಲು ಜಾಗವಿಲ್ಲದ ಡಬ್ಬಿಯಲ್ಲಿ ಆ ಒದ್ದೆ ಗೋಣಿ ಒಬ್ಬರ ಪಂಚೆ ನೆನೆಸಿತು, ಇನ್ನೊಬ್ಬರ ರುಮಾಲು ಕೆಡವಿತು. ಶಿವಮೊಗ್ಗೆ ಬರುವವರೆಗೂ ಅವನು ಬೈಸಿಕೊಂಡೇ ಬಂದ.

ಸಭೆಯ ಅಧ್ಯಕ್ಷರು ದೊಡ್ಡ ಜವಳಿ ಅಂಗಡಿಯ ಓಂಕಾರಪ್ಪ. ತಮ್ಮ ಗಜದ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಅದನ್ನು ಕಿತ್ತುಕೊಳ್ಳಲು ಬಂದವನನ್ನು ನೋಡುವಂತೆ ಭಾಷಣಕಾರನನ್ನು ನೋಡುತ್ತಿದ್ದರು. ಹಾಲಸ್ವಾಮಿ ಒಂದು ಗಂಟೆ ಮಾತಾಡಿದ. ಮೀಟರು ಗಜಕ್ಕಿಂತ ಉದ್ದ ಎನ್ನುವ ಕಹಿಯನ್ನು ಮಾತ್ರ ಜಾಣತನದಿಂದ ಕೊನೆಗೆ ಉಳಿಸಿಕೊಂಡಿದ್ದ.

"ನಿಮ್ಮ ಮೀಟರು ಎಲ್ಲಿದೆ, ತೋರ್ಸಿ ನೋಡೋಣ" ಎಂದರು ಓಂಕಾರಪ್ಪ.

"ಇಗೋ, ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲದ ಮೀಟರು" ಎಂದು ಹಾಲಸ್ವಾಮಿ ಗೋಣಿ ಬಿಚ್ಚಿದ. ಓಂಕಾರಪ್ಪ ತಮ್ಮ ಗಜವನ್ನು ಪಕ್ಕದಲ್ಲಿಟ್ಟರು. ಎರಡೂ ತುದಿಗೆ ತುದಿ ಸರಿಹೋದವು.

ಹಾಲಸ್ವಾಮಿ ಎರಡನ್ನೂ ಇನ್ನೊಮ್ಮೆ ಜೋಡಿಸಿ ನೋಡಿದ. "ಇದು... ಇದು ಮೀಟರಲ್ಲ."

"ಈಗ ತಾನೆ ಕೂದಲೂ ಹೆಚ್ಚುಕಮ್ಮಿ ಇಲ್ಲ ಅಂದ್ರಲ್ಲ ಸ್ವಾಮಿ" ಎಂದರು ಯಾರೋ.

"ಸುಮ್ನಿರಿ, ಅವರಿಗೆ ಸಂಕೋಚ" ಎಂದು ಓಂಕಾರಪ್ಪ ಎದ್ದು ನಿಂತರು. ಅವರ ಮುಖ ಅರಳಿತ್ತು. "ನಮ್ಮಜ್ಜನ ಕಾಲದಿಂದ ನಾವು ಮೀಟರಲ್ಲೇ ಅಳೀತಾ ಇದೀವಿ, ನಮಗೇ ಗೊತ್ತಿರ್ಲಿಲ್ಲ ನೋಡಿ."

ಶಿವಮೊಗ್ಗೆಯ ವರ್ತಕರು ಮೊದಲಿನಿಂದಲೂ ಮೀಟರನ್ನೇ ಬಳಸುತ್ತಿರುವುದರಿಂದ ಇನ್ನು ಮುಂದೆಯೂ ಏನನ್ನೂ ಬದಲಾಯಿಸಬೇಕಾಗಿಲ್ಲ ಎಂದು ಠರಾವು ಸರ್ವಾನುಮತದಿಂದ ಪಾಸಾಯಿತು. ಹಾಲಸ್ವಾಮಿ ಬೇಡ ಬೇಡ ಎನ್ನುತ್ತಿದ್ದಂತೆಯೇ ಕೊರಳಿಗೆ ಹಾರ ಬಿತ್ತು.

ವಾಪಸು ಬರುವಾಗ ರೈಲಿನಲ್ಲಿ ಅವನಿಗೆ ಒಂದೇ ಚಿಂತೆ. ಗೆದ್ದೆ ಎಂದು ಹೆಂಡತಿಗೆ ಹೇಳಲು ನಾಚಿಕೆ, ಸೋತೆ ಎನ್ನಲು ಠರಾವು ಅಡ್ಡ. ಭದ್ರಾವತಿಯಲ್ಲಿ ಇಳಿದವನೇ ಬುಟ್ಟಿ ಎತ್ತಿಕೊಳ್ಳುತ್ತಿದ್ದ ಹುಚ್ಚಮ್ಮನ ಮುಂದೆ ಕೋಲು ಹಿಡಿದ.

"ಏನಮ್ಮ ಮಾಡಿದೆ ಇದನ್ನ?"

"ಸರಿ ಮಾಡಿಸ್ದೆ ಸ್ವಾಮಿ" ಎಂದಳು ಹುಚ್ಚಮ್ಮ. "ಎಲ್ಲಾ ಕಡೆ ಅಳತೆ ಒಂದೇ ಇರ್ಬೇಕು ಅಂತ ನೀವೇ ಹೇಳಿದ್ರಲ್ಲ. ಪೇಟೇಲಿರೋ ಗಜಕ್ಕೆಲ್ಲ ಹಿಡಿದು ನೋಡ್ದೆ, ನೀವು ಕೊಟ್ಟಿದ್ದೊಂದೇ ಉದ್ದ ಇತ್ತು. ಕೊಯ್ಸಿಬಿಟ್ಟೆ."