ಕಂಪ್ಯೂಟರಿಗೂ ಒಂದು ಕೊಸರು

ಸೆರ್ವಾಗೆ ಹಾವು, ಚೇಳು, ಗಂಡ, ಯಾವುದರ ಭಯವೂ ಇರಲಿಲ್ಲ. ಕುಮಾಸಿ ನಗರದ ದೊಡ್ಡ ಮಾರುಕಟ್ಟೆಯಲ್ಲಿ ಇಪ್ಪತ್ತೆರಡು ವರ್ಷ ಟೊಮೇಟೊ ಮಾರಿದವಳು. ಗಿರಾಕಿಯ ಮುಖವನ್ನೂ ನೋಡದೆ, ಕಾಲು ನೋಡಿಯೇ ಇವಳು ವಾಪಸ್ ಬರುತ್ತಾಳೆ, ಇವಳು ಬರುವುದಿಲ್ಲ ಎಂದು ಹೇಳಬಲ್ಲವಳು. ಇಂಥ ರಣಧೀರೆ ಆ ಶನಿವಾರ ಮಗಳು ಪೊಕುವಾಳ ಹಿಂದೆ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತುವಾಗ ಗಡಗಡ ನಡುಗುತ್ತಿದ್ದಳು.

ಭಯಕ್ಕೆ ಕಾರಣವಿತ್ತು. ಮಗಳಿಗೆ ದೂರದ ತಮಾಲೆಯಲ್ಲಿ ಕಟ್ಟಡದ ನಕ್ಷೆ ಬರೆಯುವ ಓದಿಗೆ ಸೀಟು ಸಿಕ್ಕಿತ್ತು. ಲ್ಯಾಪ್‌ಟಾಪ್ ಇಲ್ಲದವರಿಗೆ ಸೋಮವಾರ ತರಗತಿಯೊಳಗೆ ಪ್ರವೇಶವಿಲ್ಲ ಎಂದು ಕಾಲೇಜಿನಿಂದ ಕಾಗದ ಬಂದಿತ್ತು. ಇವತ್ತೇ ಎರಡು ಗಂಟೆಗೆ ಬಸ್ಸು. ಸೊಂಟದ ಗಂಟಿನಲ್ಲಿದ್ದ ಹಣ ಹೊಸದಕ್ಕೆ ಸಾಲದು. ಹೊರದೇಶದಲ್ಲಿ ಯಾರೋ ಬಳಸಿ ಬಿಟ್ಟದ್ದೇ ಗತಿ. (ಟೊಮೇಟೊದಲ್ಲಿ ಆ ಜಾತಿಯನ್ನು ಸೆರ್ವಾ ಕೊಳೆತದ್ದು ಎನ್ನುತ್ತಿದ್ದಳು.)

ಅಂಗಡಿಯ ಅಡೊಮಾಕೊ, ಕನ್ನಡಕ ಹಾಕಿದ ಸಣಕಲು ತರುಣ, ಸಾಲಾಗಿ ಯಂತ್ರಗಳನ್ನು ತೆರೆದಿಟ್ಟಿದ್ದ. ಸೆರ್ವಾ ಹೆದರುತ್ತ ಹೆದರುತ್ತ ಒಂದನ್ನು ಒತ್ತಿ, ತಿರುವಿ, ಮೂಸಿ ನೋಡಿದಳು.

"ಅಮ್ಮಾ, ಮೂಸ್ಬೇಡ!"

"ಮುಟ್ದೆ, ಮೂಸ್ದೆ ಕೊಳ್ಳೋಕೆ ಇದೇನು ಗಾಳೀನಾ? ಈ ಕಪ್ಪಂದು ತಗೋ. ಎಷ್ಟು ಚೆನ್ನಾಗಿ ಹೊಳೀತಿದೆ!"

"ಹೊಳೆಯತ್ತೆ, ಆದ್ರೆ ಬ್ಯಾಟರಿ ಅರ್ಧ ಗಂಟೆನೂ ಬರಲ್ಲ. ಕರೆಂಟ್ ಹೋದ್ರೆ ಅದ್ರಲ್ಲಿ ಮುಖ ನೋಡ್ಕೊಂಡು ಕೂರ್ಲಾ? ಆ ಬೂದು ಬಣ್ಣದ್ದು ನೋಡು. ನಾಲ್ಕು ಗಂಟೆ ಬರತ್ತೆ. ದೊಡ್ಡ ನಕ್ಷೆ ತೆಗೆದ್ರೂ ಒದ್ದಾಡಲ್ಲ."

"ಅದರ ಮೂಲೆ ಜಜ್ಜಿದೆಯಲ್ಲೇ!"

"ನನ್ನ ಪಾಠ ಮೂಲೇಲಿ ನಡೆಯಲ್ಲಮ್ಮಾ."

ಚೌಕಾಸಿಯ ಮಹಾಯುದ್ಧ ಮುಕ್ಕಾಲು ಗಂಟೆ ನಡೆದು, ಬೆಲೆ ಕೊನೆಗೂ ಸೊಂಟದ ಗಂಟಿನೊಳಕ್ಕೆ ಇಳಿಯಿತು. ಪೊಕುವಾ ನಿಟ್ಟುಸಿರು ಬಿಟ್ಟಳು. ಆಗ ಸೆರ್ವಾ ಕೈ ಚಾಚಿದಳು.

"ಸರಿ, ಕೊಸರು ಎಲ್ಲಿ?"

"ಕೊಸರಾ?"

"ಎಂಟು ಟೊಮೇಟೊಗೆ ನಾನು ಒಂದು ಮೇಲೆ ಹಾಕ್ತೀನಪ್ಪ. ಇಷ್ಟೊಂದು ಸುರೀತಿದೀನಿ, ಬರಿಗೈಲಿ ಹೋಗ್ಲಾ? ಅಲ್ಲಿ ನೇತಾಡ್ತಿರೋ ಕಂಪ್ಯೂಟರ್ ಚೀಲ ಮೇಲೆ ಹಾಕು."

"ಕಂಪ್ಯೂಟರಿಗೆಲ್ಲ ಕೊಸರಿಲ್ಲ ತಾಯಿ."

"ಹಾಗಾದ್ರೆ ನೀನೇ ಇಟ್ಕೊಂಡು ಪೂಜೆ ಮಾಡು. ನಡಿಯೇ ಪೊಕುವಾ!"

ಹೊರಟೇಬಿಟ್ಟಳು. ಗಿರಾಕಿ ಸಿಟ್ಟಿನಿಂದ ಹೊರಡಬೇಕು, ಮೂರನೆಯ ಹೆಜ್ಜೆಗೆ ಅಂಗಡಿಯವನು ಕೂಗಬೇಕು. ಅದು ಮಾರುಕಟ್ಟೆಯ ಶಾಸ್ತ್ರ. ಮೂರು ಹೆಜ್ಜೆಯಾಯಿತು. ಐದಾಯಿತು. ಏಳನೆಯದಕ್ಕೆ ಸೆರ್ವಾಳ ನಡಿಗೆ ನಿಧಾನವಾಯಿತು.

"ಕರೆದ್ನಾ?" ತುಟಿ ಅಲುಗಿಸದೆ ಕೇಳಿದಳು.

"ಇಲ್ಲ."

"ತಿರುಗಿ ನೋಡ್ಬೇಡ. ಮಾನ ಹೋಗತ್ತೆ."

"ನನ್ನ ಕಾಲೇಜೇ ಹೋಗ್ತಿದೆಯಮ್ಮಾ!"

ಸೆರ್ವಾ ನಿಂತು ಎಡಗಾಲಿನ ಚಪ್ಪಲಿ ಸರಿಮಾಡಿಕೊಂಡಳು. ಮುಂದೆ ಹೋಗಿ ಬಲಗಾಲಿನದನ್ನೂ ಸರಿಮಾಡಿಕೊಂಡಳು. ಮಗಳ ಹಾಸ್ಟೆಲಿಗೆಂದು ತಂದಿದ್ದ ಟೊಮೇಟೊ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಗೋಡೆಯ ಮೇಲಿದ್ದ ಬೂಟ್‌ಪಾಲಿಶ್ ಜಾಹೀರಾತನ್ನು (ಓದಲು ಬಾರದಿದ್ದರೂ) ಮೇಲಿಂದ ಕೆಳಗಿನವರೆಗೆ ಪರಿಶೀಲಿಸಿದಳು. ಅಂಗಡಿಯಿಂದ ಒಂದು ಕೆಮ್ಮೂ ಕೇಳಲಿಲ್ಲ. ಇಷ್ಟರಲ್ಲಿ ಎತ್ತರದ ಆಸಾಮಿಯೊಬ್ಬ ಇವರನ್ನು ದಾಟಿ ಆ ಮೆಟ್ಟಿಲನ್ನೇ ಹತ್ತಿದ. ನನ್ನ ನಾಲಿಗೆಯಿಂದಲೇ ಮಗಳ ಬಾಳು ಹಾಳಾಯಿತು ಎಂದುಕೊಂಡಳು ಸೆರ್ವಾ.

ತಡೆಯಲಾರದೆ ತಿರುಗಿ ನೋಡಿದ ಪೊಕುವಾ ಕಿರುಚಿದಳು. "ಅಮ್ಮಾ, ಅವನು ಬೂದು ಬಣ್ಣದ್ದನ್ನೇ ಎತ್ಕೊಂಡ!"

ಸೆರ್ವಾ ಓಡಿದಳು. ಐವತ್ತು ದಾಟಿದ, ತೊಂಬತ್ತು ಕಿಲೋ ತೂಗುವ ಹೆಂಗಸು ಹೇಗೆ ಓಡಬಹುದೋ ಹಾಗಲ್ಲ, ಅದಕ್ಕಿಂತ ಜೋರಾಗಿ ಓಡಿದಳು. ಆಸಾಮಿ ತನ್ನ ಫೋನು ಚಾರ್ಜಿಗೆ ಹಾಕಲು ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿದ್ದನಷ್ಟೆ. ಅದು ತಿಳಿಯುವಷ್ಟರಲ್ಲಿ ಗಂಟು ಬಿಚ್ಚಿ ಹಣವೆಲ್ಲ ಮೇಜಿನ ಮೇಲಿತ್ತು.

ಅಡೊಮಾಕೊ ನಕ್ಕ. "ಬರ್ತೀರ ಅಂತ ಗೊತ್ತಿತ್ತು ತಾಯಿ. ಹತ್ತು ಹೆಜ್ಜೆಗೆ ಎರಡು ಸಲ ಚಪ್ಪಲಿ ಸರಿಮಾಡ್ಕೊಂಡ್ರಲ್ಲ! ಕಾಲೆಳ್ಕೊಂಡು ಹೋಗೋರನ್ನ ಕರೀಬೇಡ, ಅವರಾಗೇ ಬರ್ತಾರೆ ಅಂತ ನಮ್ಮಮ್ಮ ಹೇಳಿಕೊಟ್ಟಿದಾಳೆ."

"ಯಾರಯ್ಯ ನಿಮ್ಮಮ್ಮ?"

"ಈರುಳ್ಳಿ ಸಾಲಿನ ಬಿರಾಗೊ. ಅವಳಿಗೆ ಹೇಳಿಕೊಟ್ಟೋರು ನೀವೇ ಅಂತೆ."

ಪೊಕುವಾ ಆಗಲೇ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ನಿಂತಿದ್ದಳು.

"ಅಂದಹಾಗೆ, ಕೊಸರಿನ ಮಾತು ತೆಗೆದೋರು ನೀವೇ," ಎಂದು ಅಡೊಮಾಕೊ ಅಂಗೈ ಚಾಚಿದ. "ಚೀಲದಲ್ಲಿರೋದು ಟೊಮೇಟೊ ತಾನೆ?"

ಇಪ್ಪತ್ತೆರಡು ವರ್ಷಗಳ ಅಭ್ಯಾಸದಂತೆ ಸೆರ್ವಾಳ ಕೈ ಚೀಲದ ಮೇಲ್ಭಾಗದಲ್ಲಿದ್ದ ಪುಟ್ಟ ಹಣ್ಣೊಂದನ್ನು ಎತ್ತಿತು.

"ಅದಲ್ಲ ತಾಯಿ, ತಳದಲ್ಲಿರೋದು. ಕೊಸರು ಕೇಳೋರಿಗೆ ಅಂತ್ಲೇ ಚಿಕ್ಕದನ್ನ ಮೇಲಿಟ್ಟಿರ್ತೀರಿ. ಅದನ್ನೂ ಅಮ್ಮ ಹೇಳಿದಾಳೆ."

ಸೆರ್ವಾ ಮೊಣಕೈವರೆಗೆ ಚೀಲದೊಳಗೆ ಕೈ ಇಳಿಸಿದಳು.

"ಬೇಗ ಕೊಡಮ್ಮಾ," ಎಂದಳು ಪೊಕುವಾ, "ಬಸ್ಸಿಗೆ ಹೊತ್ತಾಗ್ತಿದೆ."