ಸರೋವರ ದರ್ಶನ, ವಯಾ ಡೊಂಬಿವ್ಲಿ

"ಬೆಟ್ಟದ ಮೇಲಿನ ಸರೋವರ ನೋಡಲಿಕ್ಕೆ ನೈನಿತಾಲಿಗೇ ಹೋಗಬೇಕು ಅಂತ ಯಾವ ಶಾಸ್ತ್ರದಲ್ಲಿ ಬರೆದಿದೆ?" ಎಂದು ನಾನು ಹೆಂಡತಿ ವಾರಿಜಾಳನ್ನು ಕೇಳಿದೆ. ಹಾಗೆ ಕೇಳುವಾಗ ನನ್ನ ಒಂದು ಕೈ ಸೊಂಟದ ಮೇಲಿತ್ತು. ಪ್ರಪಂಚದ ಸಕಲ ಸಾರಿಗೆ ವ್ಯವಸ್ಥೆಯನ್ನು ಅರೆದು ಕುಡಿದವನ ಧಾಟಿ ನನ್ನದು!

ಮುಂಬೈ ಹೊರವಲಯದ ನಮ್ಮ ಡೊಂಬಿವ್ಲಿಯ ಮನೆಯ ಹಾಲ್‌ನಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇದೆ. ಅದರಲ್ಲಿ ಬೆಟ್ಟ, ಬೆಟ್ಟದ ನಡುವೆ ನೀಲಿ ಸರೋವರ, ದಡದಲ್ಲಿ ಗಂಡ ಹೆಂಡತಿಯಂತೆ ಕಾಣುವ ಇಬ್ಬರು. ಅದರ ವರ್ಷ ಕಳೆದು ಎಷ್ಟೋ ಕಾಲವಾಯಿತು. ವಾರಿಜಾ ಮಾತ್ರ ಅದನ್ನು ಮೊಳೆಯಿಂದ ಇಳಿಸಲು ಬಿಟ್ಟಿಲ್ಲ. ಮದುವೆಯಾದ ಹೊಸದರಲ್ಲಿ "ನಿನ್ನನ್ನು ಇಂಥ ಕಡೆ ಕರೆದುಕೊಂಡು ಹೋಗುತ್ತೇನೆ" ಎಂದು ನಾನೇ ಬಾಯಿಬಿಟ್ಟಿದ್ದೆ. ಅಲ್ಲಿಂದ ಪ್ರತಿವರ್ಷ "ಬರುವ ವರ್ಷ ಖಂಡಿತ" ಎನ್ನುತ್ತ ಇಪ್ಪತ್ತನಾಲ್ಕು ವರ್ಷ ದಬ್ಬಿದ್ದೆ.

ಈ ಸಲ ಇಪ್ಪತ್ತೈದನೆಯ ವಾರ್ಷಿಕೋತ್ಸವ. ಅದೂ ಭಾನುವಾರ. ನೆಪ ಹೇಳಲು ಆಫೀಸು ಕೂಡ ಇಲ್ಲ!

"ನನಗೆ ನೈನಿತಾಲೂ ಬೇಡ, ಸ್ವರ್ಗವೂ ಬೇಡ ಮಾರಾಯ್ರೇ," ಎಂದಳು ವಾರಿಜಾ. "ಯಾವುದಾದ್ರೂ ಒಂದು ಬೆಟ್ಟ, ಅದರ ಮೇಲೆ ಒಂದು ಕೆರೆ. ಅದರ ಬದಿಯಲ್ಲಿ ಆ ದಿನವೇ ನಾವಿಬ್ಬರು ನಿಂತ ಒಂದು ಫೋಟೋ. ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಅದನ್ನು ಹಾಕುವ. ಇಷ್ಟು ಸಾಕು."

"ಇಷ್ಟೇನಾ? ಮಾಥೇರಾನ್ ಬೆಟ್ಟದ ಮೇಲೆ ಒಳ್ಳೆಯ ಸರೋವರ ಉಂಟು. ಲೋಕಲ್ ಟ್ರೇನಿನಲ್ಲಿ ನೇರಳ್, ಅಲ್ಲಿಂದ ಶೇರಿಂಗ್ ಟ್ಯಾಕ್ಸಿ, ಆಮೇಲೆ ನಮ್ಮದೇ ಕಾಲು. ಒಂದು ದೊಡ್ಡ ಹೋಟೆಲಿನ ಊಟದ ಬಿಲ್ಲಿನಲ್ಲಿ ಇಬ್ಬರ ಹನಿಮೂನ್!"

ಈ ಸುದ್ದಿ ಎದುರು ಮನೆಯ ಪಾಟೀಲರಿಗೂ ಮುಟ್ಟಿತು. ಅವರು ಬೆಳಗಾವಿ ಕಡೆಯವರು. "ರಾಯರ, ಅಲ್ರೀ, ಪಂಚವೀಸ್ ವರ್ಷಕ್ಕ ಲೋಕಲ್‌ನ್ಯಾಗ ಕರಕೊಂಡು ಹೊಂಟೀರಿ? ಒಂದು ಗಾಡಿ ಮಾಡ್ರಿ!"

"ಪಾಟೀಲರೇ, ಇಪ್ಪತ್ತೆಂಟು ವರ್ಷದಿಂದ ಲೋಕಲ್‌ನಲ್ಲಿ ಓಡಾಡಿದವನು ನಾನು. ಕಣ್ಣು ಮುಚ್ಚಿಕೊಂಡು ಹೋಗಿ ಬರಬಲ್ಲೆ," ಎಂದೆ. ಯಾವ ಗಳಿಗೆಯಲ್ಲಿ ಹಾಗೆಂದೆನೋ, ಅಸ್ತು ದೇವತೆಗಳು ನಮ್ಮ ಬಿಲ್ಡಿಂಗಿನ ಮೆಟ್ಟಿಲಲ್ಲೇ ಕೂತಿದ್ದಿರಬೇಕು.

ಭಾನುವಾರ ಬೆಳಿಗ್ಗೆ ಏಳಕ್ಕೆ ಸ್ಟೇಷನ್ ತಲುಪಿದೆವು. ವಾರಿಜಾ ಹಸಿರು ಅಂಚಿನ ಹೊಸ ಸೀರೆ ಉಟ್ಟಿದ್ದಳು. ಅವಳ ಚೀಲದಲ್ಲಿ ನೀರು, ಪುಳಿಯೋಗರೆ, ಎರಡು ಡಬ್ಬಿ ಗೋಳಿಬಜೆ. ನನ್ನ ಕೈಯಲ್ಲಿ ಖಾಲಿ ಬಟ್ಟೆಚೀಲ. ಅದು ಯಾಕೆಂದು ನನಗೂ ಗೊತ್ತಿರಲಿಲ್ಲ, ಅದಿಲ್ಲದೆ ಮನೆಯಿಂದ ಹೊರಗೆ ಕಾಲಿಟ್ಟು ಅಭ್ಯಾಸವಿಲ್ಲ.

ಮದುವೆಯಲ್ಲಿ ಗಂಡ ಹೆಂಡತಿ ಏಳು ಹೆಜ್ಜೆ ಒಟ್ಟಿಗೆ ನಡೆಯುತ್ತಾರೆ. ಡೊಂಬಿವ್ಲಿ ಪ್ಲಾಟ್‌ಫಾರ್ಮಿನಲ್ಲಿ ಎಂಟನೆಯ ಹೆಜ್ಜೆಗೆ ಬೇರೆಯಾಗುತ್ತಾರೆ. ಅವಳು ಲೇಡೀಸ್ ಡಬ್ಬದತ್ತ, ನಾನು ಜನರಲ್‌ನತ್ತ. ಇಲ್ಲಿ ಇದಕ್ಕೆ ಯಾರೂ ವಿರಹ ಎನ್ನುವುದಿಲ್ಲ.

"ನೇರಳ್‌ನಲ್ಲಿ ಇಳಿಯಲಿಕ್ಕೆ ನೆನಪುಂಟಲ್ಲ?" ಎಂದಳು.

"ಯಾರಿಗೆ ಹೇಳ್ತಾ ಇದ್ದಿ ನೀನು?" ಎಂದೆ.

ಕರ್ಜತ್ ಲೋಕಲ್ ಬಂತು. ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಳಗೆ ಹಾರಿ ಕಿಟಕಿಯ ಸೀಟು ಹಿಡಿದೆ. ಜೀವಮಾನದ ಸಾಧನೆ! ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮೊಬೈಲನ್ನು ಸೈಲೆಂಟ್ ಮಾಡಿ, ಕಳ್ಳರ ಭಯಕ್ಕೆ ಒಳಜೇಬಿನಲ್ಲಿಟ್ಟು ಗುಂಡಿ ಹಾಕಿದೆ. ಇಲ್ಲಿ ಓದುಗರಿಗೆ ಒಂದು ಗುಟ್ಟು ಹೇಳಬೇಕು. ಡೊಂಬಿವ್ಲಿಯವನಿಗೆ ನಿದ್ರೆ ಬರಲು ಹಾಸಿಗೆ ಬೇಕಿಲ್ಲ, ಸೀಟು ಬೇಕು. ಸೀಟಿಗೆ ಬೆನ್ನು ತಾಗಿದ ಕೂಡಲೇ ಅವನ ಕಣ್ಣು ಮುಚ್ಚುತ್ತದೆ. ಅವನ ಸ್ಟೇಷನ್ ಬಂದಾಗ ಯಾರೂ ಎಬ್ಬಿಸದೆಯೇ ತೆರೆಯುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಕಣ್ಣು ಒಮ್ಮೆಯೂ ತಪ್ಪಿಲ್ಲ.

ಅಂದೂ ತಪ್ಪಲಿಲ್ಲ. ಗಾಢ ನಿದ್ರೆಯಲ್ಲಿದ್ದ ನನಗೆ ಯಾರೋ ಒಳಗಿನಿಂದ ತಟ್ಟಿದಂತಾಯಿತು. ಕಣ್ಣು ತೆರೆದೆ, ಎದ್ದೆ, ಜನರ ನಡುವೆ ನುಗ್ಗಿ ಸರಿಯಾದ ಬಾಗಿಲಿನಿಂದಲೇ ಇಳಿದೆ. ಬ್ರಿಡ್ಜ್ ಹತ್ತಿದೆ, ಇಳಿದೆ. ಬುಡದಲ್ಲಿ ಕೂರುವ ಸೊಪ್ಪಿನ ಮಾವಶಿ ನನ್ನನ್ನು ಕಂಡು, ಕೇಳದೆಯೇ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಚಾಚಿದಳು. ಹತ್ತು ರೂಪಾಯಿ ಕೊಟ್ಟು ಚೀಲಕ್ಕೆ ಹಾಕಿದೆ. ಎಷ್ಟು ಸಲೀಸಾಗಿ ನಡೆಯುತ್ತಿದೆ ಈ ಪ್ರವಾಸ ಎಂದು ಮನಸ್ಸಿನಲ್ಲೇ ಬೆನ್ನು ತಟ್ಟಿಕೊಂಡು, ಮೂರು ಮಹಡಿ ಹತ್ತಿ, ಬೆಲ್ ಒತ್ತಿದೆ.

ಮಗಳು ಸ್ನೇಹಾ ಬಾಗಿಲು ತೆರೆದಳು. ಬಾಯಲ್ಲಿ ಟೂತ್‌ಬ್ರಶ್. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುವ ಮಗಳು ಅವಳು. ಅಂದು ಪ್ರಶ್ನೆಯನ್ನೂ ಹಿಂದಿಯಲ್ಲೇ ಕೇಳಿದಳು.

"ಪಪ್ಪಾ? ಮಮ್ಮಿ ಕಹಾಂ ಹೈ?"

ಆಗ ನನಗೆ ನಿಜವಾಗಿ ಎಚ್ಚರವಾಯಿತು.

ಆದದ್ದು ಇಷ್ಟು. ನನ್ನ ಕಣ್ಣಿಗೆ ಗೊತ್ತಿರುವುದು ಒಂದೇ ಸ್ಟೇಷನ್, ಡೊಂಬಿವ್ಲಿ. ನೇರಳ್ ಬಂದಾಗ ಅದು ತೆರೆಯಲಿಲ್ಲ. ಕೊನೆಯ ಸ್ಟೇಷನ್ ಕರ್ಜತ್ ಬಂದಾಗಲೂ ತೆರೆಯಲಿಲ್ಲ. ಅದೇ ಗಾಡಿ ತಿರುಗಿ ಮುಂಬೈಗೆ ಹೊರಟು, ಹೆಂಡತಿ ನಿಂತಿದ್ದ ನೇರಳ್ ಮೂಲಕವೇ ನನ್ನನ್ನು ಹೊತ್ತು ತಂದು ಡೊಂಬಿವ್ಲಿಯಲ್ಲಿ ಎಬ್ಬಿಸಿತ್ತು! ಒಳಜೇಬಿನ ಗುಂಡಿ ಬಿಚ್ಚಿ ನೋಡಿದರೆ ಇಪ್ಪತ್ಮೂರು ಮಿಸ್ಡ್ ಕಾಲ್.

ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

"ಎಲ್ಲಿದ್ದೀರಿ ಮಾರಾಯ್ರೇ? ಜೀವ ಬಾಯಿಗೆ ಬಂದಿದೆ ನನಗೆ! ಸ್ಟೇಷನ್ ಮಾಸ್ತರರಿಗೂ ಹೇಳಿಯಾಯ್ತು!"

"ನಾನು... ಸ್ವಲ್ಪ ಮುಂದೆ ಬಂದೆ."

"ಮುಂದೆ ಅಂದ್ರೆ? ಕರ್ಜತ್?"

"ಅದಕ್ಕಿಂತ ಸ್ವಲ್ಪ ಮುಂದೆ."

ಅಷ್ಟರಲ್ಲಿ ಸ್ನೇಹಾ ಫೋನಿನ ಹತ್ತಿರ ಬಾಯಿ ತಂದು, "ಮಮ್ಮಿ, ಪಪ್ಪಾ ಘರ್ ಪೆ ಹೈ!" ಎಂದು ಕಿರುಚಿದಳು. ವಾರಿಜಾ ಅಳುತ್ತಾಳೆಂದು ಹೆದರಿದೆ. ಅಳಲಿಲ್ಲ, ನಕ್ಕಳು. ಅವಳ ಹಿಂದೆ ಇನ್ನೂ ಮೂರ್ನಾಲ್ಕು ಹೆಂಗಸರು ನಕ್ಕದ್ದು ಕೇಳಿಸಿತು. ಲೇಡೀಸ್ ಡಬ್ಬದಲ್ಲಿ ಪರಿಚಯವಾದ ಕಲ್ಯಾಣದ ನಾಲ್ವರು ಮಾಥೇರಾನಿಗೇ ಹೊರಟವರಂತೆ. ಅವಳನ್ನು ಒಂಟಿಯಾಗಿ ಬಿಡಲು ಮನಸ್ಸಾಗದೆ ಜೊತೆಗೇ ಕಾದು ನಿಂತಿದ್ದರು.

"ನಾನು ಇವರೊಟ್ಟಿಗೆ ಮೇಲೆ ಹೋಗ್ತೇನೆ. ನೀವು ಬನ್ನಿ. ಆದ್ರೆ ಒಂದು ಮಾತು," ಎಂದಳು. ದನಿ ಸಣ್ಣದಾಯಿತು. "ನೀವು ಬರುವ ತನಕ ನಾನು ಫೋಟೋ ತೆಗೆಸುವುದಿಲ್ಲ. ಒಬ್ಬಳೇ ನಿಂತ ಫೋಟೋ ನನಗೆ ಬೇಡ."

ನನ್ನ ಕಣ್ಣು ಒದ್ದೆಯಾಯಿತು. ಚಪ್ಪಲಿ ಬಿಚ್ಚಲೇ ಇಲ್ಲ, ಹಾಗೇ ತಿರುಗಿ ಓಡಿದೆ. ಬಾಗಿಲಲ್ಲಿ ನಿಂತಿದ್ದ ಪಾಟೀಲರು, "ಆತೇನ್ರೀ ರಾಯರ ಹನಿಮೂನು? ಭಾಳ ಲಗೂ ಮುಗೀತಲ್ಲ!" ಎಂದರು. ಅಳಿದುಳಿದ ಮಾನವನ್ನು ಹೊತ್ತುಕೊಂಡು ಎರಡೆರಡು ಮೆಟ್ಟಿಲು ಇಳಿದೆ.

ಪ್ಲಾಟ್‌ಫಾರ್ಮಿಗೆ ಬಂದ ಮೊದಲ ಗಾಡಿಗೆ ಹಾರಿದೆ. ಅವಸರದಲ್ಲಿ ಅದು ಎಲ್ಲಿಯದೆಂದು ಯಾರು ನೋಡುತ್ತಾರೆ? ಕಲ್ಯಾಣದ ನಂತರ ಹಳಿ ಎರಡಾಗಿ ಒಡೆಯುತ್ತದೆ. ಒಂದು ಕರ್ಜತ್‌ಗೆ, ಇನ್ನೊಂದು ಕಸಾರಾಕ್ಕೆ. ನನ್ನ ಗಾಡಿ ಕಸಾರಾದ್ದು! ಶಹಾಡ್‌ನಲ್ಲಿ ಇಳಿದು, ಕಲ್ಯಾಣಕ್ಕೆ ಮರಳಿ, ನಾಲ್ಕು ಜನರಲ್ಲಿ ವಿಚಾರಿಸಿಕೊಂಡು ಕರ್ಜತ್ ಗಾಡಿ ಹತ್ತಿದೆ. ಐದನೆಯವರನ್ನೂ ಕೇಳುತ್ತಿದ್ದೆ, ಗಾಡಿ ಹೊರಟುಬಿಟ್ಟಿತು.

ಒಳಗೆ ಅರ್ಧ ಡಬ್ಬ ಖಾಲಿ. ನಾನು ಮಾತ್ರ ಕಂಬ ಹಿಡಿದು ನಿಂತೇ ಇದ್ದೆ. ಒಬ್ಬ ಪುಣ್ಯಾತ್ಮ ಸರಿದು ಜಾಗ ಮಾಡಿ, "ಬೈಠೋ ಅಂಕಲ್," ಎಂದ.

"ನಹೀ ಭೈಯ್ಯಾ," ಎಂದೆ. "ಬೈಠಾ ತೋ ಡೊಂಬಿವ್ಲಿ ಪಹುಂಚ್ ಜಾಊಂಗಾ."

ಕೂತರೆ ಡೊಂಬಿವ್ಲಿ ತಲುಪುತ್ತೇನೆ ಎನ್ನುವ ನನ್ನನ್ನು ಅವನು ಒಮ್ಮೆ ನೋಡಿ, ತನ್ನ ಮಗುವನ್ನು ಎತ್ತಿ ಆ ಬದಿಯ ತೊಡೆಗೆ ಕೂರಿಸಿಕೊಂಡ.

ನೇರಳ್‌ನಲ್ಲಿ ಟ್ಯಾಕ್ಸಿಗೆ ಏಳನೆಯವನಾಗಿ ಗೇರಿನ ಪಕ್ಕ ತುರುಕಿಕೊಂಡೆ. ಬೆಟ್ಟದ ಅರ್ಧದಾಚೆ ಟ್ಯಾಕ್ಸಿ ನಿಂತಿತು, ಅಲ್ಲಿಂದ ಮುಂದೆ ಗಾಡಿಗಳನ್ನು ಬಿಡುವುದಿಲ್ಲ. ಪುಟ್ಟ ರೈಲೊಂದುಂಟು, ಅದು ನಾನು ಕೈ ಬೀಸುತ್ತಿದ್ದಂತೆ ಹೊರಟುಹೋಯಿತು. ಕುದುರೆಯವನು ಕರೆದ. ಬಜೆಟ್ ನೆನಪಾಗಿ ಬೇಡವೆಂದೆ. ಕೆಂಪು ಮಣ್ಣಿನ ದಾರಿಯಲ್ಲಿ ಓಡಿದೆ, ನಡೆದೆ, ಕೊನೆಗೆ ತೆವಳಲಿಕ್ಕೊಂದು ಬಾಕಿ! ದಾರಿಯಲ್ಲಿ ಒಂದು ಕೋತಿ ಎದುರು ನಿಂತು ನನ್ನ ಚೀಲ ಕಿತ್ತುಕೊಂಡು ಒಳಗೆ ಕೈ ಹಾಕಿತು. ಕೊತ್ತಂಬರಿ ಕಟ್ಟನ್ನು ಮೂಸಿ, ನನ್ನ ಮುಖ ನೋಡಿ, ಅಲ್ಲೇ ಎಸೆಯಿತು. ಚೀಲವನ್ನು ಮಾತ್ರ ತೆಗೆದುಕೊಂಡು ಮರ ಹತ್ತಿತು. ಹತ್ತು ರೂಪಾಯಿಯ ಸೊಪ್ಪು ಬಿಟ್ಟು ಹೋಗಲು ಮನಸ್ಸು ಬಾರದೆ ಕೈಯಲ್ಲೇ ಹಿಡಿದು ನಡೆದೆ.

ಸರೋವರ ಕಂಡಾಗ ಮಧ್ಯಾಹ್ನ ಎರಡು ದಾಟಿತ್ತು. ದಟ್ಟ ಮರಗಳ ನಡುವೆ ತಣ್ಣಗೆ ಮಲಗಿದ ನೀರು. ದಡದಲ್ಲಿ ಹಸಿರು ಅಂಚಿನ ಸೀರೆ. ಸುತ್ತ ಕಲ್ಯಾಣದ ಹೆಂಗಸರು, ಮುಂದೆ ಖಾಲಿ ಗೋಳಿಬಜೆ ಡಬ್ಬಿ. ನಾನು ಎಷ್ಟು ಸಂತೋಷಪಟ್ಟೆನೆಂದರೆ, ಗೋಳಿಬಜೆ ಖಾಲಿಯಾದ ದುಃಖ ಐದು ನಿಮಿಷದ ನಂತರವೇ ಹತ್ತಿದ್ದು.

"ಆಲೇ, ಆಲೇ! ಡೊಂಬಿವ್ಲಿಕರ್ ಆಲೇ!" ಎಂದು ನಾನು ಬಂದದ್ದನ್ನು ಮರಾಠಿಯಲ್ಲಿ ಸಾರುತ್ತ ಅವರೆಲ್ಲ ಚಪ್ಪಾಳೆ ಹೊಡೆದರು.

ವಾರಿಜಾ ಎದ್ದು ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮಂಡಿವರೆಗೆ ಕೆಂಪು ಧೂಳು, ಬೆವರಿಳಿದ ಮುಖ, ಕೈಯಲ್ಲಿ ಬಾಡಿದ ಕೊತ್ತಂಬರಿ.

"ಎಂಥ ಜನ ಮಾರಾಯ್ರೇ ನೀವು!" ಎಂದವಳು ಸೆರಗಿನಿಂದ ನನ್ನ ಹಣೆ ಒರೆಸಿದಳು. ಇಪ್ಪತ್ತೈದು ವರ್ಷದಲ್ಲಿ ನಾಲ್ಕು ಜನರ ಎದುರು ಹಾಗೆ ಮಾಡಿದ್ದು ಅದೇ ಮೊದಲು. ಅಷ್ಟರಲ್ಲಿ ಒಬ್ಬಾಕೆ ಮೊಬೈಲ್ ಎತ್ತಿ ಕ್ಲಿಕ್ ಮಾಡಿಯೇಬಿಟ್ಟಳು. ಸೊಪ್ಪನ್ನು ಕೆಳಗಿಡುವಷ್ಟೂ ಪುರುಸೊತ್ತು ಕೊಡಲಿಲ್ಲ!

ಆ ಫೋಟೋ ಸಂಜೆಯೊಳಗೆ ಮನೆಯವರ ವಾಟ್ಸಾಪ್ ಗ್ರೂಪಿಗೆ ಹೋಯಿತು. ಉಡುಪಿಯಿಂದ ವಾರಿಜಾಳ ತಂಗಿ ಬರೆದಳು: "ಭಾವನವರು ಹೂವಿನ ಬೊಕೆ ಕೊಟ್ಟದ್ದಾ! ಎಷ್ಟು ಚೆಂದ!"

ಉತ್ತರ ಕೊಡಬೇಡವೆಂದು ನಾನು ಕಣ್ಣಲ್ಲೇ ಬೇಡಿಕೊಂಡೆ. ವಾರಿಜಾ ನಗುತ್ತ ಫೋನು ಕೆಳಗಿಟ್ಟಳು. ಈಗ ಕ್ಯಾಲೆಂಡರಿನ ಮೊಳೆಗೆ ಆ ಫೋಟೋ ಬಂದಿದೆ. ನಾನು ಹೆಂಡತಿಗೆ ಕೊಟ್ಟ ಮೊದಲ ಬೊಕೆಯಿಂದ ಮರುದಿನ ಇಡ್ಲಿಗೆ ಚಟ್ನಿ ಆಯಿತು.