ಮೌನದ ಸ್ಯಾಂಪಲ್ಲು

ನಮ್ಮ ಭಾವನವರು ಊರೂರು ಸುತ್ತಿ ಮನೆಮನೆಯ ಮೌನ ಕದ್ದು ತರುತ್ತಿದ್ದರು. ಕದ್ದು ಎಂಬುದು ನನ್ನ ಉತ್ಪ್ರೇಕ್ಷೆ, ಕೇಳಿಯೇ ತರುತ್ತಿದ್ದರು. ಆದರೆ ಏನು ಕೊಟ್ಟೆವೆಂದು ಕೊಟ್ಟವರಿಗೇ ಗೊತ್ತಾಗುತ್ತಿರಲಿಲ್ಲ!

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿಕಾರಿಪುರದಲ್ಲಿ ಅವರದೊಂದು ಟೈಪಿಂಗ್ ಕ್ಲಾಸು. ಲಗ್ನಪತ್ರಿಕೆ ತಯಾರಿಸಲು ಅನುಕೂಲವೆಂದು ನನ್ನ ಅಕ್ಕನನ್ನು ಒಪ್ಪಿಸಿ ಕಂಪ್ಯೂಟರ್ ತಂದರು. ಅದರಲ್ಲಿ ಒಂದು ಲಗ್ನಪತ್ರಿಕೆಯೂ ತಯಾರಾಗಲಿಲ್ಲ. ಧ್ವನಿ ತಿದ್ದುವ ಸಾಫ್ಟ್‌ವೇರ್ ಎಲ್ಲಿಂದಲೋ ಸಿಕ್ಕಿತು. ಭಾವ ಅದರೊಳಗೆ ಹೋದವರು ಹೊರಗೆ ಬರಲೇ ಇಲ್ಲ. ಹಳ್ಳಿಯವರ ಮಾತು, ಹಾಡು ರೆಕಾರ್ಡ್ ಮಾಡುವುದು, ಕಂಪ್ಯೂಟರಿನಲ್ಲಿ ಗದ್ದಲ ತೆಗೆಯುವುದು, ಮತ್ತೆ ಕ್ಯಾಸೆಟ್ಟಿಗಿಳಿಸಿ ರೇಡಿಯೋ ನಿಲಯಕ್ಕೆ ಕಳಿಸುವುದು. ಎರಡು ಕ್ಯಾಸೆಟ್ "ಗದ್ದಲ ಜಾಸ್ತಿ" ಎನ್ನಿಸಿಕೊಂಡು ವಾಪಸು ಬಂದ ಮೇಲಂತೂ ಗದ್ದಲವೇ ಅವರ ಜನ್ಮವೈರಿ.

ಆ ಸಾಫ್ಟ್‌ವೇರಿನ ಕ್ರಮ ಹೀಗೆ: ಯಾರೂ ಮಾತಾಡದಿದ್ದಾಗ ಆ ಜಾಗದಲ್ಲಿ ಕೇಳುವ ಸದ್ದನ್ನು ಮೊದಲು ಅದಕ್ಕೆ ತೋರಿಸಬೇಕು. "ಇದು ಕಸ, ಗುರುತಿಟ್ಟುಕೋ" ಎನ್ನಬೇಕು. ಆಮೇಲೆ ಅದು ಇಡೀ ರೆಕಾರ್ಡಿಂಗಿನಿಂದ ಆ ಕಸವನ್ನು ಗುಡಿಸಿ ಹಾಕುತ್ತದೆ. ಹೀಗಾಗಿ ಭಾವ ಯಾರ ಮನೆಗೆ ಹೋದರೂ ಟೇಪಿನ ಮೊದಲಿಗೆ ಮೌನ ಹಿಡಿಯುತ್ತಿದ್ದರು.

"ಎಲ್ಲಾರೂ ಒಂದೀಟು ಸುಮ್ನಿರ್ರಿ. ನಿಮ್ಮನಿ ಮೌನ ಬೇಕು."

ಆನವಟ್ಟಿಯ ವ್ಯಾಪಾರಿಯೊಬ್ಬರು ಬೆಚ್ಚಿಬಿದ್ದರಂತೆ. "ಸುಮ್ನಿರು ಅಂತ ನನ್ನ ಹೆಂಡ್ತಿ ದಿನಾ ಹೇಳ್ತಾಳ್ರೀ. ಅದನ್ನ ರೆಕಾರ್ಡ್ ಮಾಡಾಕೆ ಈಗ ನೀವೊಬ್ರು ಬಂದ್ರಿ!"

ಭಾವ ಮನೆಗೆ ಬಂದು ಹೆಡ್‌ಫೋನ್ ಹಾಕಿ ತೀರ್ಪು ಕೊಡುತ್ತಿದ್ದರು. "ಆನವಟ್ಟಿ ಮೌನ ಸ್ವಲ್ಪ ಒರಟು. ಸೊರಬದ್ದು ಮೆತ್ತಗೈತಿ."

"ನಮ್ಮನೀದು ಹೆಂಗೈತ್ರೀ?" ಎಂದಳು ಅಕ್ಕ.

"ನಮ್ಮನೀದು ಇನ್ನೂ ಸಿಕ್ಕಿಲ್ಲ."

ಭಾವನ ತಾಯಿ ಇದ್ದದ್ದು ಕುಪ್ಪಗಡ್ಡೆಯಲ್ಲಿ. ಸೋಬಾನೆ ಪದಕ್ಕೆ ಸುತ್ತಲ ಊರಿಗೆಲ್ಲ ಹೆಸರಾದವರು, ಉಬ್ಬಸಕ್ಕೂ. ಮೂರನೆಯ ಕ್ಯಾಸೆಟ್ ಅವ್ವನದೇ ಎಂದು ಭಾವ ನಿಶ್ಚಯಿಸಿದ್ದೇ ತಡ, ಅವ್ವ "ರೇಡಿಯೋದಾಗೆ ಬರ್ತೀನಿ" ಎಂದು ಕೇರಿಗೆಲ್ಲ ಹೇಳಿಬಿಟ್ಟರು. ಇದೂ ವಾಪಸಾದರೆ ಭಾವ ಆ ಊರಿನ ಬಸ್ಸು ಹತ್ತುವಂತಿರಲಿಲ್ಲ.

ರೆಕಾರ್ಡಿಂಗಿಗೆ ನಾನೂ ಹೋಗಿದ್ದೆ. ಅಂಗಳದ ನಾಯಿಯನ್ನು ಓಡಿಸಿದ್ದು ನಾನೆಂದು ನನ್ನ ನೆನಪು. ಅಕ್ಕನ ಪ್ರಕಾರ ನಾನು ಅವಲಕ್ಕಿ ತಿನ್ನುತ್ತ ಕೂತಿದ್ದೆ, ನಾಯಿ ತಾನೇ ಎದ್ದು ಹೋಯಿತು. ನೆನಪಿಗೂ ಅಂಥದೊಂದು ಸಾಫ್ಟ್‌ವೇರ್ ಇದೆಯೇನೋ! ಇರಲಿ.

"ಅವ್ವಾ, ಮೊದ್ಲು ಸುಮ್ನಿರು."

"ಹಾಡು ಅಂತ ಕುಂದ್ರಿಸಿ ಸುಮ್ನಿರು ಅಂತೀಯಲ್ಲೋ! ಹುಟ್ಟಿದಾಗಿಂದ ನಿಂದು ಇದೇ ಆತು."

ಅವ್ವ ಸುಮ್ಮನಿದ್ದರು. ಆಮೇಲೆ ಹಾಡಿದರು.

ಶಿಕಾರಿಪುರಕ್ಕೆ ಬಂದು ಕಂಪ್ಯೂಟರಿಗೆ ಕೆಲಸ ಹಚ್ಚಿದ್ದಾಯಿತು. ಆ ಕಾಲದ ಯಂತ್ರ! ಊಟ ಮಾಡಿ, ಒಂದು ನಿದ್ದೆ ತೆಗೆದು ಎದ್ದರೂ ಗುಡಿಸುತ್ತಲೇ ಇತ್ತು. ಅಂತೂ ಮುಗಿಯಿತೆಂದು ಕೇಳಿದರೆ, ಹಾಡಿಗೆ ಹಾಡೇ ಗುಳುಗುಳು.

"ಅತ್ತೆ ಅಂಬ್ಲಿಗೊಳ ಡ್ಯಾಮಿನ ನೀರಾಗೆ ಕುಂತು ಹಾಡಿದಂಗೈತಲ್ರೀ!" ಎಂದಳು ಅಕ್ಕ.

ಭಾವ ಆ ಮೌನದ ತುಂಡನ್ನೇ ಮತ್ತೆ ಮತ್ತೆ ಕೇಳಿದರು. ತಪ್ಪು ಅಲ್ಲಿತ್ತು. ಎಲ್ಲರೂ ಸುಮ್ಮನಿದ್ದರು ನಿಜ. ಆದರೆ ಅವ್ವ ಮೈಕಿನ ಮುಂದೆಯೇ ಕೂತಿದ್ದರಲ್ಲ, ಮೌನದ ತುಂಬ ಅವರ ಉಬ್ಬಸವೇ. ಹೆತ್ತವಳ ಉಸಿರನ್ನು ತೋರಿಸಿ "ಇದು ಕಸ" ಎಂದಿದ್ದರು ಮಗರಾಯರು. ವಿಧೇಯ ಕಂಪ್ಯೂಟರ್ ಹಾಡಿನೊಳಗಿಂದ ಅವ್ವನನ್ನೇ ಗುಡಿಸಿ ಹಾಕಿತ್ತು!

"ಇನ್ನೊಮ್ಮೆ ಹೋಗ್ರಿ. ಅತ್ತೆನ ಹೊರಗೆ ಕಳಿಸಿ ಮೌನ ಹಿಡ್ಕಂಡು ಬರ್ರಿ."

ಭಾವ ಹೆಡ್‌ಫೋನ್ ತೆಗೆದಿಟ್ಟರು. "ಬ್ಯಾಡ" ಎಂದರು. ಏನನ್ನೂ ತೆಗೆಯದೆ ಹಾಡನ್ನು ಇದ್ದ ಹಾಗೇ ಇನ್ನೊಂದು ಕ್ಯಾಸೆಟ್ಟಿಗಿಳಿಸಿ ಕಳಿಸಿದರು.

"ವಾಪಸ್ ಬಂದ್ರೆ?"

"ಬರ್ಲಿ."

ಬರಲಿಲ್ಲ. ಪ್ರಸಾರದ ದಿನ ಕುಪ್ಪಗಡ್ಡೆಯಲ್ಲಿ ಅವ್ವನ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಾಡು ಬಂತು; ಸಾಲು ಸಾಲಿನ ನಡುವೆ ಉಬ್ಬಸವೂ ಬಂತು. "ನಿನ್ ದಮ್ಮೂ ರೇಡಿಯೋ ಹತ್ತಿತಲ್ಲೇ!" ಎಂದು ಪಕ್ಕದ ಮನೆಯಾಕೆ ನಕ್ಕಳು. ಭಾವ ತಲೆ ತಗ್ಗಿಸಿದರು. ಅವ್ವ ಮಾತ್ರ ರೇಡಿಯೋಕ್ಕೆ ಕಿವಿಯಾನಿಸಿ ಕೂತಿದ್ದರು. ತಮ್ಮ ದನಿಯನ್ನು ತಾವು ಹೊರಗಿನಿಂದ ಕೇಳಿದ್ದು ಅದೇ ಮೊದಲು.

ಹಾಡು ಮುಗಿಯಿತು.

"ಇದು ನಾನಲ್ಲ ಬಿಡೋ" ಎಂದರು ಅವ್ವ. "ಇದು ನಮ್ಮವ್ವ. ಬೀಸೋ ಕಲ್ಲಿನ ಮುಂದೆ ಕುಂತು ಹಿಂಗೇ ಉಸಿರು ತಗಂತಿದ್ಲು. ಇನ್ನೊಂದ್ಸಲ ಹಾಕು."

ಭಾವ ಚೀಲದಿಂದ ಟೇಪ್ ರೆಕಾರ್ಡರ್ ತೆಗೆದರು. ಒಳಗೆ ಮೂಲ ಕ್ಯಾಸೆಟ್ ಇತ್ತು. ಹಾಡು ಹುಡುಕತೊಡಗಿದರು.

"ಹಾಡು ಬ್ಯಾಡೋ. ಬರೀ ಉಸಿರು ಹಾಕು."

ಭಾವ ಟೇಪನ್ನು ಹಿಂದಕ್ಕೆ ಸುತ್ತಿದರು, ಪೂರಾ ಮೊದಲಿಗೆ, ತಾವು ಹಿಡಿದಿದ್ದ ಮೌನಕ್ಕೆ. ಪಡಸಾಲೆಯಲ್ಲಿ ಜನ ಇನ್ನೂ ನಗುತ್ತ ಮಾತಾಡುತ್ತಿದ್ದರು. ಅವ್ವ ಕೈ ಎತ್ತಿದರು.

"ಎಲ್ಲಾರೂ ಒಂದೀಟು ಸುಮ್ನಿರ್ರಿ."